ಕೂಡುರಸ್ತೆಯ ನೆಪ್ಚೂನ್

ಗುರು ಮತ್ತು ಶನಿಯ ಮೇಲೆ ಶಿವನಂಜಮ್ಮ ಕೂತದ್ದು ಶನಿವಾರ ಬೆಳಿಗ್ಗೆ, ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಮೊದಲ ಬಸ್ಸಿನಲ್ಲಿ.

ಅವರದೇನೂ ತಪ್ಪಿರಲಿಲ್ಲ. ಟಿಕೆಟಿಗೆ ಚಿಲ್ಲರೆ ತೆಗೆಯಲೆಂದು ವಿಜ್ಞಾನದ ಮೇಷ್ಟ್ರು ನಂಜೇಶ್ ಒಂದು ಗಳಿಗೆ ಎದ್ದು ನಿಂತಿದ್ದ. ಸೀಟಿನ ಮೇಲೆ ಬ್ಯಾಗು ಇತ್ತು. ಬ್ಯಾಗಿನಲ್ಲಿ ಅವನು ವಾರವಿಡೀ ಬಣ್ಣ ಬಳಿದ ಥರ್ಮೊಕೋಲಿನ ಗ್ರಹಗಳಿದ್ದವು. ಮಗಳ ಮನೆಗೆ ಬಂದು, ನಂಜುಂಡೇಶ್ವರನ ದರ್ಶನ ಮಾಡಿಕೊಂಡು ಊರಿಗೆ ಮರಳುತ್ತಿದ್ದ ಶಿವನಂಜಮ್ಮ ಜಾಗ ಸಿಕ್ಕಿದ ನೆಮ್ಮದಿಯಲ್ಲಿ ಪೂರ್ತಿಯಾಗಿ ಕೂತರು. ಹಪ್ಪಳದ ಡಬ್ಬಿಯ ಮೇಲೆ ಎಮ್ಮೆ ಮಲಗಿದಂಥ ಸದ್ದು ಬಂತು.

"ಅಮ್ಮಾ, ನೀವು ಶನಿ ಮೇಲೆ ಕೂತಿದ್ದೀರಿ," ಅಂದ ನಂಜೇಶ್.

ಶಿವನಂಜಮ್ಮ ಎದ್ದ ರಭಸಕ್ಕೆ ಅವರ ತಲೆ ಮೇಲಿನ ಕಂಬಿಗೆ ತಾಗಿತು. ಇವತ್ತು ಯಾವ ವಾರ ಎಂದು ಕೇಳಿದರು. ಶನಿವಾರ ಎಂದು ಕಂಡಕ್ಟರು ಹೇಳಿದ. ಅವರು ಕಣ್ಣು ಮುಚ್ಚಿಕೊಂಡರು. ಇದಕ್ಕೇನು ಪರಿಹಾರ ಮಾಡಿಸಬೇಕು ಮೇಷ್ಟ್ರೇ ಎಂದು ದಾರಿಯುದ್ದಕ್ಕೂ ಕೇಳಿದರು. ಏನೂ ಬೇಡಮ್ಮ, ಇದು ಬರೀ ಥರ್ಮೊಕೋಲು ಎಂದು ಅವನು ದಾರಿಯುದ್ದಕ್ಕೂ ಹೇಳಿದ. ಇಬ್ಬರೂ ಒಬ್ಬರ ಮಾತನ್ನೊಬ್ಬರು ನಂಬಲಿಲ್ಲ.

ಅಂದು ಹನ್ನೊಂದು ಗಂಟೆಗೆ ಅವನು ಪಾಠ ಮಾಡುವ ಮಲ್ಲರಾಯನಹುಂಡಿಯ ಹೈಸ್ಕೂಲಿಗೆ ವಿಜ್ಞಾನ ಪರಿವೀಕ್ಷಕರು ಬರುವವರಿದ್ದರು. ಅವರು ಮೆಚ್ಚಿದರೆ ನಂಜನಗೂಡಿನಲ್ಲಿ ಖಾಲಿಯಿದ್ದ ಸಂಪನ್ಮೂಲ ವ್ಯಕ್ತಿಯ ಹುದ್ದೆ ನಂಜೇಶನಿಗೆ. ಆ ಕಚೇರಿ ಅವನ ಮನೆಯಿಂದ ನಡೆದು ಹೋಗುವಷ್ಟು ದೂರ. ಈಗ ಅವನು ಎರಡು ಬಸ್ಸು ಹಿಡಿದು ಶಾಲೆ ಸೇರುತ್ತಿದ್ದ, ಎರಡು ಬಸ್ಸು ಹಿಡಿದು ಮನೆ ಸೇರುತ್ತಿದ್ದ. ಶನಿವಾರವೂ ಒಂದಲ್ಲ ಒಂದು ತರಬೇತಿ ಇರುತ್ತಿತ್ತು. ಮಗಳು ಏಳುವ ಮೊದಲೇ ಹೊರಡುವುದು, ಮಲಗಿದ ಮೇಲೆ ಬರುವುದು. ಎರಡೂವರೆ ವರ್ಷದ ಮೇಘನಾ ಭಾನುವಾರ ಅವನನ್ನು ಕಂಡರೆ ಯಾರೋ ನೆಂಟರು ಬಂದರೆಂದು ತಾಯಿಯ ಹಿಂದೆ ಸರಿಯುತ್ತಿದ್ದಳು. ಅಪ್ಪ ಕಣೇ ಅದು ಎಂದು ಹೆಂಡತಿ ಮಧುಶ್ರೀ ಪರಿಚಯ ಮಾಡಿಸುತ್ತಿದ್ದಳು. ಸಂಜೆಯ ಹೊತ್ತಿಗೆ ಪರಿಚಯ ಒಂದಿಷ್ಟು ಗಟ್ಟಿಯಾಗುತ್ತಿತ್ತು. ಬೆಳಗಾದರೆ ಸೋಮವಾರ.

ಅದಕ್ಕೇ ಅವನು ದೊಡ್ಡದೊಂದು ಯೋಜನೆ ಹಾಕಿದ್ದ. ಪಠ್ಯಪುಸ್ತಕದ ಒಂದೇ ಪುಟದಲ್ಲಿ ಎಂಟೂ ಗ್ರಹಗಳು ಪಡಿತರದ ಅಂಗಡಿಯ ಮುಂದಿನ ಸಾಲಿನಂತೆ ಒತ್ತಿಕೊಂಡು ನಿಂತಿರುತ್ತವೆ. ನಿಜವಾದ ದೂರ ಮಕ್ಕಳಿಗೆ ಗೊತ್ತಾಗುವುದೇ ಇಲ್ಲ. ಹತ್ತು ಲಕ್ಷ ಕಿಲೋಮೀಟರಿಗೆ ಒಂದು ಮೀಟರು ಎಂದು ಲೆಕ್ಕ ಹಿಡಿದು ಅವನು ಶಾಲೆಯ ಗೋಡೆಯ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿಯಷ್ಟು ಎತ್ತರದ ಸೂರ್ಯನನ್ನು ಬರೆದಿದ್ದ. ಆ ಲೆಕ್ಕಕ್ಕೆ ಬುಧ ಒಂದು ಮೆಣಸಿನಕಾಳು, ಶುಕ್ರ, ಭೂಮಿ ಒಂದೊಂದು ಗೋಲಿ, ಮಂಗಳ ಒಂದು ಗುಲಗಂಜಿ. ಈ ನಾಲ್ಕೂ ಮೈದಾನ ಮತ್ತು ಪಕ್ಕದ ಬೀದಿಯಲ್ಲೇ ಮುಗಿದುಹೋಗುತ್ತಿದ್ದವು. ಆಮೇಲಿನವು ಊರು ಬಿಟ್ಟು ರಸ್ತೆ ಹಿಡಿಯುತ್ತಿದ್ದವು. ಕೊನೆಯ ನೆಪ್ಚೂನ್ ಬರುವುದು ನಾಲ್ಕೂವರೆ ಕಿಲೋಮೀಟರು ಆಚೆ, ಹಳ್ಳಿಯ ರಸ್ತೆ ದೊಡ್ಡ ರಸ್ತೆಯನ್ನು ಸೇರುವ ಕೂಡುರಸ್ತೆಯಲ್ಲಿ. ಪರಿವೀಕ್ಷಕರ ಜೀಪು ಅಲ್ಲಿಂದಲೇ ಒಳಗೆ ಬರಬೇಕು. ನೆಪ್ಚೂನ್ ದಾಟಿ, ಯುರೇನಸ್ ದಾಟಿ, ಸೂರ್ಯನ ಮುಂದೆ ಬಂದು ಇಳಿಯಬೇಕು. ಈ ಭಾಗವನ್ನು ನೆನೆದಾಗಲೆಲ್ಲ ನಂಜೇಶನಿಗೆ ರೋಮಾಂಚನವಾಗುತ್ತಿತ್ತು.

ಜೇಬಿನಲ್ಲಿದ್ದ ಗೋಲಿ, ಕಾಳು, ಗುಲಗಂಜಿ ಬದುಕಿದ್ದವು. ಶನಿಯ ಬಳೆ ರಟ್ಟಿನದು, ಮೊದಲೇ ಚಪ್ಪಟೆಯಾಗಿದ್ದರಿಂದ ಉಳಿದಿತ್ತು. ಉಳಿದ ದೊಡ್ಡ ಗ್ರಹಗಳು ಮಂಡಕ್ಕಿಯಾಗಿದ್ದವು.

ನರಸೀಪುರದ ಮಾರ್ಕೆಟ್ಟಿನಲ್ಲಿ ಅವನು ಗುರುವಿಗೊಂದು ತೆಂಗಿನಕಾಯಿ, ಶನಿಗೊಂದು ಪುಟ್ಟ ಬೂದುಗುಂಬಳ, ಯುರೇನಸ್ಸಿಗೂ ನೆಪ್ಚೂನಿಗೂ ಎರಡು ನಿಂಬೆಹಣ್ಣು ಕೊಂಡ. ಅಂಗಡಿಯವನು ಆ ನಾಲ್ಕನ್ನೂ ನೋಡಿ, ಅವನ ಬಾಡಿದ ಮುಖವನ್ನೂ ನೋಡಿ, ಯಾರ ಮನೇಲಿ ಸಾ ತೊಂದರೆ ಎಂದು ಮೆಲ್ಲಗೆ ವಿಚಾರಿಸಿದ. ಕೇಳದಿದ್ದರೂ ಕುಂಕುಮದ ಪೊಟ್ಟಣವೊಂದನ್ನು ಸೇರಿಸಿ, ಎಲ್ಲಿ ಇಟ್ಟರೂ ಇಟ್ಟಮೇಲೆ ತಿರುಗಿ ನೋಡಬೇಡಿ ಎಂದು ಬುದ್ಧಿ ಹೇಳಿದ.

ಎರಡನೇ ಬಸ್ಸಿನ ಕುಲುಕಾಟಕ್ಕೆ ಪೊಟ್ಟಣ ಒಡೆಯಿತು. ನೀಲಿ ಇರಬೇಕಾದ ಎರಡು ಗ್ರಹಗಳೂ ಕೆಂಪಾದವು. ಒರೆಸಿದಷ್ಟೂ ಹರಡಿತು. ಇವತ್ತಿನ ಪಾಠ ಬಣ್ಣದ್ದಲ್ಲ, ದೂರದ್ದು ಎಂದು ನಂಜೇಶ್ ಸಮಾಧಾನ ಮಾಡಿಕೊಂಡ.

ಮುಖ್ಯೋಪಾಧ್ಯಾಯಿನಿ ನಾಗರತ್ನ ತಮ್ಮ ಸ್ಕೂಟಿ ಕೊಟ್ಟರು. ಪೆಟ್ರೋಲಿನ ವಿಷಯ ಎರಡು ಸಲ ನೆನಪಿಸಿಯೇ ಕೊಟ್ಟರು. ಜೇಬಿನ ನಾಲ್ಕನ್ನೂ ಮೈದಾನದಲ್ಲಿ, ಬೀದಿಯಲ್ಲಿ ಇಟ್ಟು, ಅವನು ಸ್ಕೂಟಿಯ ಮೀಟರು ನೋಡಿಕೊಳ್ಳುತ್ತ ಹೊರಟ. ಮರಿಯಯ್ಯನ ಟೀ ಅಂಗಡಿಯ ಮುಂದೆ ಗುರು. ಸಣ್ಣಯ್ಯನ ಹೊಸ ಮನೆಯ ಮುಂದೆ ಶನಿ. ಕೃಷ್ಣನ ಹೊಲದ ಗೇಟಿನ ಹತ್ತಿರ ಯುರೇನಸ್. ಯಾರೂ ತುಳಿಯದಿರಲಿ ಎಂದು ಪ್ರತಿಯೊಂದರ ಸುತ್ತ, ಆಟದ ಮೈದಾನಕ್ಕೆ ಗೆರೆ ಹಾಕುವ ಸುಣ್ಣದ ಪುಡಿಯಿಂದ ಒಂದು ವೃತ್ತ ಎಳೆದ. ನಾಲ್ಕೂವರೆ ಕಿಲೋಮೀಟರು ತುಂಬಿದ್ದು ಕೂಡುರಸ್ತೆಯ ನಟ್ಟನಡುವೆ. ಅಲ್ಲಿ ಬಗ್ಗಿ ನೆಪ್ಚೂನನ್ನು ಇಟ್ಟು ವೃತ್ತ ಎಳೆಯುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಇವನ್ಯಾರು ಮೇಷ್ಟ್ರೇ?"

ಶಿವನಂಜಮ್ಮನ ಮನೆ ಕೂಡುರಸ್ತೆಯಲ್ಲೇ ಇತ್ತು. ಅವರು ಜಗಲಿಯಿಂದ ಇಳಿದು ಬಂದು, ಮುಟ್ಟದಷ್ಟು ದೂರದಲ್ಲಿ ನಿಂತಿದ್ದರು.

"ನೆಪ್ಚೂನ್ ಅಂತಮ್ಮ. ಕೊನೇ ಗ್ರಹ."

"ಶನಿಗೆ ಏನಾಗ್ಬೇಕು?"

"ಏನೂ ಆಗ್ಬೇಕಿಲ್ಲ. ಶನಿಗಿಂತ ಬಹಳ ಆಚೆ ಇರೋನು. ಶನಿಗಿಂತ ನಿಧಾನ. ಸೂರ್ಯನ್ನ ಒಂದು ಸುತ್ತು ಬರೋಕೆ ನೂರ ಅರವತ್ತೈದು ವರ್ಷ ತಗೋತಾನೆ."

ಶಿವನಂಜಮ್ಮ ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದರು. ಮುಖ ಬಿಳಿಚಿತು. "ಶನಿ ಹಿಡಿದ್ರೇ ಏಳೂವರೆ ವರ್ಸ ಬುಡಾಕಿಲ್ಲ. ಇವನು ಹಿಡಿದ್ರೆ?"

ನಂಜೇಶನಿಗೆ ಉತ್ತರ ಹೇಳಲು ಹೊತ್ತಿರಲಿಲ್ಲ. ನೀವೇನೂ ಮುಟ್ಟಬೇಡಿ ಎಂದಷ್ಟೇ ಹೇಳಿ ಸ್ಕೂಟಿ ತಿರುಗಿಸಿದ.

ಕೃಷ್ಣನ ಗೇಟಿನ ಹತ್ತಿರ ಬಂದಾಗ ವೃತ್ತ ಇತ್ತು, ಯುರೇನಸ್ ಇರಲಿಲ್ಲ. ಕೃಷ್ಣ ಹಾರ ಹಾಕಿದ ಹೊಸ ಟ್ರ್ಯಾಕ್ಟರಿನ ಮೇಲೆ ಕೂತಿದ್ದ. ಮುಂದಿನ ಚಕ್ರದ ಕೆಳಗಿನಿಂದ ರಸ ಹರಿದಿತ್ತು.

"ಕುಂಕುಮ ಅಚ್ಚಿ ರೆಡಿ ಮಡಗಿತ್ತು ಸಾ," ಅಂದ ಅವನು ನೊಂದುಕೊಂಡು. "ನಮ್ಮಾಕೆ ಮಡಗವಳೆ ಅನ್ಕಂಡು ಅತ್ಸ್ಬುಟ್ಟೆ."

ನಂಜೇಶ್ ಯುರೇನಸ್ಸನ್ನು ಕೆರೆದು ತೆಗೆದು ವೃತ್ತದಲ್ಲಿ ಇಟ್ಟ. ಬೇರೆ ಗ್ರಹಗಳು ಬುಗುರಿಯಂತೆ ನೆಟ್ಟಗೆ ತಿರುಗಿದರೆ ಯುರೇನಸ್ ಅಡ್ಡ ಮಲಗಿಕೊಂಡೇ ಉರುಳುತ್ತದೆ. ಈಗ ಅದು ಸಂಪೂರ್ಣ ಮಲಗಿತ್ತು. ಹಾಗೆಂದು ವಿವರಿಸಬಹುದು ಅಂದುಕೊಂಡು ಮುಂದಕ್ಕೆ ಹೋದ.

ಸಣ್ಣಯ್ಯನ ಮನೆಯ ಮುಂದೆ ಶನಿ ಇರಲಿಲ್ಲ. ತಲೆಯೆತ್ತಿ ನೋಡಿದರೆ ಬಾಗಿಲ ಮೇಲೆ ಹಗ್ಗದಲ್ಲಿ ತೂಗಾಡುತ್ತಿತ್ತು. ಮನೆ ಕಟ್ಟಿದಾಗಿನಿಂದ ದೃಷ್ಟಿಗೆ ಒಂದು ಕುಂಬಳಕಾಯಿ ಕಟ್ಟಿಲ್ಲ ಎಂದು ಸಣ್ಣಯ್ಯನ ಹೆಂಡತಿ ರಾಮಮ್ಮ ದಿನಾ ಜಗಳ ತೆಗೆಯುತ್ತಿದ್ದರಂತೆ. ಬಾಗಿಲಿಗೇ ಬಂದದ್ದನ್ನು ಹೇಗೆ ಬಿಡುವುದು. ನಂಜೇಶ್ ಯೋಚಿಸಿದ. ದೂರ ಬದಲಾಗಿಲ್ಲ, ಎತ್ತರ ಮಾತ್ರ ಬದಲಾಗಿದೆ. ಶನಿ ಅಲ್ಲೇ ಇರಲಿ, ಬಳೆಯಾದರೂ ತೊಡಿಸಿ ಎಂದು ಕೇಳಿಕೊಂಡ.

"ಬಳೆ ತೊಟ್ಟ ಕುಂಬಳಕಾಯ್ನ ಯಾರಾದ್ರೂ ಬಾಗಿಲಿಗೆ ಕಟ್ತಾರಾ ಸಾ?" ಎಂದು ಸಣ್ಣಯ್ಯ ರಟ್ಟಿನ ಬಳೆಯನ್ನು ವಾಪಸು ಕೊಟ್ಟ. "ಬಂದೋರು ನಗಾಕಿಲ್ವಾ?"

ಬಳೆಯನ್ನು ಹೆಗಲಿಗೆ ಹಾಕಿಕೊಂಡು ಟೀ ಅಂಗಡಿಗೆ ಬಂದರೆ ಮರಿಯಯ್ಯ ಚಟ್ನಿ ರುಬ್ಬಿ ಮುಗಿಸಿದ್ದ. ಒಳ್ಳೇ ಕಾಯಿ ಸಾ, ಎಲ್ಲಿ ತಂದ್ರಿ ಎಂದು ಮೆಚ್ಚಿಕೊಂಡು, ಕೂರಿಸಿ ಎರಡು ಇಡ್ಲಿ ಹಾಕಿದ. ನಂಜೇಶ್ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಸೌರಮಂಡಲದ ಅತಿ ದೊಡ್ಡ ಗ್ರಹವನ್ನು ನೆಂಚಿಕೊಂಡು ತಿಂದ. ಆಮೇಲೆ ಎರಡು ಕರಟ ಕೇಳಿ ಪಡೆದು, ರಬ್ಬರ್ ಬ್ಯಾಂಡಿನಲ್ಲಿ ಜೋಡಿಸಿ ವೃತ್ತದಲ್ಲಿಟ್ಟ. ಗುರು ಹೇಗೂ ಅನಿಲದ ಗ್ರಹ, ನಿಲ್ಲಲು ಗಟ್ಟಿ ನೆಲವೇ ಇಲ್ಲ. ಒಳಗೆ ಟೊಳ್ಳಿದ್ದರೆ ಯಾರು ತಪ್ಪು ಹಿಡಿಯುತ್ತಾರೆ.

ಶಾಲೆಯಲ್ಲಿ ಬುಧನನ್ನು ಕೋಳಿ ನುಂಗಿತ್ತು. ಅಡುಗೆಮನೆಯಿಂದ ಇನ್ನೊಂದು ಮೆಣಸಿನಕಾಳು ತರಿಸುವಷ್ಟರಲ್ಲಿ ಅವನಿಗೆ ಕೂಡುರಸ್ತೆಯ ಚಿಂತೆ ಹತ್ತಿತು. ಇಷ್ಟು ಹತ್ತಿರದವೇ ಹೀಗಾದರೆ ದೂರದ ನೆಪ್ಚೂನಿನ ಗತಿಯೇನು. ಮತ್ತೆ ಸ್ಕೂಟಿ ಏರಿದ. ಪೆಟ್ರೋಲು ಎಂದು ನಾಗರತ್ನ ಕಿಟಕಿಯಿಂದ ಕೂಗಿದ್ದು ಕೇಳಿಸಿತು.

ನೆಪ್ಚೂನ್ ಇಟ್ಟಲ್ಲೇ ಇತ್ತು. ವೃತ್ತದ ಗೆರೆ ಕೂಡ ಕೆಟ್ಟಿರಲಿಲ್ಲ. ಅವನು ನೋಡುತ್ತಿದ್ದಂತೆ ಹಾಲಿನ ವ್ಯಾನು ಬಂದು, ನಿಧಾನ ಮಾಡಿ, ಒಂದು ಪಕ್ಕದ ಚಕ್ರ ಮಣ್ಣಿಗಿಳಿಸಿ ವೃತ್ತವನ್ನು ಬಳಸಿ ಹೋಯಿತು. ಬೈಕಿನವನೊಬ್ಬ ಇಳಿದು ತಳ್ಳಿಕೊಂಡು ಸುತ್ತಿ ಹೋದ. ಶಾಲೆಗೆ ಬರುವ ಮಕ್ಕಳು ಒಬ್ಬರ ಹಿಂದೊಬ್ಬರು ಬೇಲಿ ಸವರಿಕೊಂಡು ನಡೆದರು. ನಂಜೇಶನ ಕಣ್ಣು ತುಂಬಿಬಂತು. ಇಡೀ ಸೌರಮಂಡಲದಲ್ಲಿ ಜನ ಗೌರವ ಕೊಟ್ಟದ್ದು ಇದೊಂದಕ್ಕೇ. ಅವನು ನಿಶ್ಚಿಂತೆಯಿಂದ ಮರಳಿದ.

ಹತ್ತೂವರೆಗೆ ನಾಗರತ್ನರಿಗೆ ಫೋನು ಬಂತು. ಪರಿವೀಕ್ಷಕರು ನರಸೀಪುರ ಬಿಟ್ಟಿದ್ದಾರೆ. ಮಕ್ಕಳು ಸೂರ್ಯನ ಮುಂದೆ ಸಾಲಾಗಿ ನಿಂತರು. ನಂಜೇಶ್ ಗೇಟಿಗೂ ಗೋಡೆಗೂ ನಡುವೆ ಶತಪಥ ತುಳಿದ. ಹನ್ನೊಂದಾಯಿತು. ಹನ್ನೊಂದೂವರೆಯಾಯಿತು. ಗೋಡೆಯ ಮೇಲಿನ ಸೂರ್ಯ ತಣ್ಣಗಿದ್ದ, ಮೇಲಿನವನು ಸುಡುತ್ತಿದ್ದ. ಭೂಮಿ ಕಾಯಲು ದೂರದಲ್ಲಿ ನಿಲ್ಲಿಸಿದ್ದ ಹುಡುಗಿ ಬಂದು ತಲೆ ತಿರುಗುತ್ತದೆ ಅಂದಳು. ಫೋನು ಮಾಡಿದರೆ ಸಾಹೇಬರು ಎತ್ತಲಿಲ್ಲ. ಕೊನೆಗೆ ನಾಗರತ್ನ ಬೆಲ್ಲು ಹೊಡೆಸಿ ಶಾಲೆ ಬಿಟ್ಟರು.

ಜೀಪು ದಾರಿಯಲ್ಲಿ ಕೆಟ್ಟಿರಬಹುದೆಂದು ನಂಜೇಶ್ ಕೂಡುರಸ್ತೆಗೆ ಓಡಿಸಿದ. ಜೀಪು ಇರಲಿಲ್ಲ. ನೆಪ್ಚೂನ್ ಇತ್ತು. ಆದರೆ ಒಂಟಿಯಾಗಿರಲಿಲ್ಲ. ನಿಂಬೆಹಣ್ಣಿನ ಸುತ್ತ ಕರಿಬಟ್ಟೆಯ ಗಂಟುಗಳು, ಎಳ್ಳೆಣ್ಣೆಯ ದೀಪಗಳು, ಹರಡಿದ ಅರಿಸಿನ, ಬೇವಿನ ಸೊಪ್ಪು, ಒಂದು ಮಡಕೆ. ಮಡಕೆಯ ಮೇಲೆ ಇದ್ದಿಲಿನಲ್ಲಿ ಎರಡು ಕಣ್ಣು ಬರೆದಿತ್ತು. ಅದನ್ನು ಬರೆದವರು ಕೈ ತೊಳೆದುಕೊಂಡು ಜಗಲಿಯ ಮೇಲೆ ತೃಪ್ತಿಯಿಂದ ಕೂತಿದ್ದರು.

"ಸಾಂತಿ ಮಾಡ್ಬುಟ್ಟೆ ಮೇಷ್ಟ್ರೇ," ಅಂದರು ಶಿವನಂಜಮ್ಮ. "ಬೆಳಿಗ್ಗೆ ನಾನು ಕೂತಿದ್ದಕ್ಕೆ ನಿಮಗೇನೂ ಆಗ್ಬಾರ್ದು ನೋಡಿ. ನಿಮ್ಮೆಸ್ರಲ್ಲೇ ಮಾಡಿವ್ನಿ. ಕೆಟ್ಟದ್ದು ಯಾವುದೂ ಇದನ್ನ ದಾಟಿ ಒಳೀಕೆ ಬರಾಕಿಲ್ಲ."

ನಂಜೇಶ್ ರಸ್ತೆಯುದ್ದಕ್ಕೂ ಕಣ್ಣು ಹಾಯಿಸಿದ. ಇತ್ತ ಕಡೆ ಜೀಪೇನಾದರೂ ಬಂತಾ ಎಂದು ಕೇಳಿದ.

"ಬಂತು, ಬಂತು. ಬಿಳೀದು. ಬಂದು ನಿಂತ್ಕತು. ಇಂದ್ಗಡೆ ಕೂತಿದ್ದ ಕನ್ನಡಕದೋನು ಬಗ್ಗಿ ನೋಡ್ದ. ನೋಡಿ, ತಿರುಗಿಸ್ಕಂಡು ಓದ ಅಂದ್ರೆ, ಧೂಳು ಇನ್ನೂ ಕೂತಿಲ್ಲ." ಅವರು ದನಿ ತಗ್ಗಿಸಿದರು. "ಯಾವ್ ಪೀಡೆಯೋ ಏನೋ ಮೇಷ್ಟ್ರೇ, ನಿಮ್ಮನ್ನೇ ಉಡೀಕಂಡು ಬಂದಿತ್ತು."

ಆಗಲೇ ಅವನ ಫೋನು ಬಡಿದುಕೊಂಡಿತು. ಪರಿವೀಕ್ಷಕರು.

"ಏನ್ರೀ ನಂಜೇಶ್, ನಿಮ್ಮೂರಲ್ಲಿ ಹಾಡಹಗಲೇ ಮಾಟ ಮಾಡಿ ರಸ್ತೇಲಿಡ್ತಾರಲ್ರೀ. ನಾನು ಇದನ್ನೆಲ್ಲ ನಂಬೋನಲ್ಲ. ಡ್ರೈವರ್ ಹೆದರಿಕೊಂಡ, ಪಾಪ."

ಆಚೆ ಕಡೆ ಇನ್ನೊಂದು ದನಿ, ತಿರುಗ್ಸು ತಿರುಗ್ಸು ಅಂದಿದ್ದು ನೀವೇ ಅಲ್ವಾ ಸಾರ್ ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಸಾಹೇಬರು ಕೆಮ್ಮಿದರು.

ಅದು ಮಾಟವಲ್ಲ, ಗ್ರಹ ಎಂದು ನಂಜೇಶ್ ಶುರುಮಾಡಿದ.

"ಗ್ರಹಚಾರ ಅನ್ನಿ. ನೋಡಿ, ನಾನು ದಾರೀಲೇ ತೀರ್ಮಾನ ಮಾಡಿದೆ. ಜನರಲ್ಲಿ ಇಷ್ಟೊಂದು ಮೌಢ್ಯ ಇರೋ ಕಡೆ ಒಬ್ಬ ಒಳ್ಳೇ ವಿಜ್ಞಾನದ ಮೇಷ್ಟ್ರು ಇರಲೇಬೇಕು. ನಿಮ್ಮನ್ನ ಇನ್ನೂ ಮೂರು ವರ್ಷ ಅಲ್ಲಿಂದ ಅಲ್ಲಾಡಿಸಬಾರದು ಅಂತ ಬರೀತಾ ಇದ್ದೀನಿ. ನಂಜನಗೂಡಿಗೆ ಬೇರೆ ಯಾರನ್ನಾದ್ರೂ ಹಾಕಿದರಾಯಿತು."

ಫೋನು ಕಟ್ಟಾಯಿತು. ಒಳ್ಳೇ ಸುದ್ದಿಯಾ ಎಂದು ಶಿವನಂಜಮ್ಮ ಕೇಳಿದರು. ನಂಜೇಶ್ ನೆಪ್ಚೂನನ್ನು ಎತ್ತಿಕೊಳ್ಳಲು ಬಗ್ಗಿದ. ಮಡಕೆಯ ಕಣ್ಣು ಅವನನ್ನೇ ನೋಡುತ್ತಿತ್ತು. ಚಾಚಿದ ಕೈ ತಾನಾಗಿ ಹಿಂದಕ್ಕೆ ಬಂತು. ಅವನು ಸ್ಕೂಟಿ ಏರಿ, ಒಂದಿಷ್ಟು ಮಣ್ಣಿಗಿಳಿಸಿ, ಬಳಸಿಕೊಂಡು ಹೋದ.

ಸ್ಕೂಟಿಗೆ ಪೆಟ್ರೋಲು ಹಾಕಿಸಿ ಕೊಟ್ಟು, ಎರಡು ಬಸ್ಸು ಹಿಡಿದು ಮನೆ ಮುಟ್ಟಿದಾಗ ಸಂಜೆಯಾಗಿತ್ತು. ಮೇಘನಾ ಅಪರೂಪಕ್ಕೆ ಎಚ್ಚರವಿದ್ದಳು. ಅವನನ್ನು ಕಂಡು ತಾಯಿಯ ಹಿಂದೆ ಸರಿದಳು. ಮಧುಶ್ರೀ ಅವನ ಮುಖ ನೋಡಿ ನೀರು ತರಲು ಒಳಗೆ ಹೋದಳು. ಅವನು ಹೆಗಲ ಮೇಲೆ ಉಳಿದಿದ್ದ ಶನಿಯ ಬಳೆಯನ್ನು ತೆಗೆದು ಮಗಳ ಕಡೆ ಚಾಚಿದ.

ಮೇಘನಾ ಸ್ವಲ್ಪ ಹೊತ್ತು ಯೋಚಿಸಿ ಬಂದು ಈಸಿಕೊಂಡಳು. ತಿರುಗಿಸಿ ನೋಡಿದಳು. ಆಮೇಲೆ ಅದನ್ನು ಎರಡು ಕೈಯಲ್ಲೂ ಸ್ಟೀರಿಂಗಿನಂತೆ ಹಿಡಿದು, ಬಾಯಲ್ಲೇ ಬಸ್ಸು ಶುರುಮಾಡಿ, ಅವನ ಮುಂದೆ ತಂದು ನಿಲ್ಲಿಸಿದಳು.

"ಅಂಕಲ್, ಎಲ್ಲಿಗೆ?"

"ಮಲ್ಲರಾಯನಹುಂಡಿ," ಅಂದ ನಂಜೇಶ್. "ಮೂರು ವರ್ಷ."