ಗೇಮ್ ಆಡದ ಮಾಮನ ಮೂರು ರೀಡಿಂಗ್

ನಮ್ಮ ಕೊಟ್ಟೂರಿಗೆ ಮೊಟ್ಟಮೊದಲು ಕಂಪ್ಯೂಟರ್ ಗೇಮ್ ತಂದವನು ನನ್ನ ಸೋದರಮಾವ. ತಂದ ಗೇಮನ್ನು ಒಂದೇ ಒಂದು ದಿನವೂ ಆಡದವನೂ ಅವನೇ! ನಂಬುವುದಿಲ್ಲವೇ? ಅವನ ಅಂಗಡಿಯಲ್ಲಿ ದಿನಕ್ಕೆ ಹತ್ತು ಸಲ ಕಾರ್ ರೇಸ್ ನಡೆಯುತ್ತಿತ್ತು. ಅವನ ಕಣ್ಣು ಮಾತ್ರ ಕಾರಿನ ಮೇಲಲ್ಲ, ಪರದೆಯ ಮೂಲೆಯಲ್ಲಿ ಮಿಣುಕುವ ಒಂದು ಅಂಕಿಯ ಮೇಲೆ.

ಬಸ್ ಸ್ಟ್ಯಾಂಡ್ ಹಿಂದೆ ಮಾಮನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಅರ್ಜಿ, ಹ್ಯಾಂಡ್‌ಬಿಲ್ಲು ಅವನ ಕಸುಬು. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ಯಾವುದೋ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ ಲಿನಕ್ಸ್ ಹಾಕಿಕೊಂಡ. ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಂ ಅದು. ಅದರಲ್ಲಿ ಗೇಮಿನ ಚಿತ್ರ ತಡವರಿಸದೆ ಓಡುತ್ತದೆಯೇ? ಸೆಕೆಂಡಿಗೆ ಎಷ್ಟು ಚಿತ್ರ ಬಂದು ಹೋಗುತ್ತವೆ? ಇದನ್ನು ಅಳೆದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯುವುದೇ ಅವನ ಹುಚ್ಚು. ಬರೆದದ್ದನ್ನು ಎಲ್ಲೋ ದೂರದೇಶದಲ್ಲಿ ಕೂತು ಲಿನಕ್ಸನ್ನು ತಿದ್ದುವ, ಮುಖ ಕಾಣದ ಜನರಿಗೆ ಮೇಲ್ ಮಾಡುತ್ತಿದ್ದ. ಒಮ್ಮೆ ಅವರಲ್ಲೊಬ್ಬರು ನಿಮ್ಮ ಅಂಕಿಗಳಿಂದ ಲಿನಕ್ಸಿನೊಳಗಿನ ಒಂದು ತಪ್ಪು ಸಿಕ್ಕಿತು, ಥ್ಯಾಂಕ್ಸ್ ಎಂದು ಉತ್ತರ ಬರೆದರು. ಮಾಮ ಅದನ್ನು ಪ್ರಿಂಟ್ ತೆಗೆದು ಗಣಪತಿ ಫೋಟೋದ ಪಕ್ಕ ಅಂಟಿಸಿದ.

ಅಳೆಯಲು ಇನ್ನೊಂದು ಪುಟ್ಟ ಪ್ರೋಗ್ರಾಂ ಇತ್ತು. ತೆರೆದರೆ ಕೆಂಪು, ಹಸಿರು, ನೀಲಿ ಬಣ್ಣದ ಮೂರು ಹಲ್ಲುಚಕ್ರಗಳು ಒಂದಕ್ಕೊಂದು ಕಚ್ಚಿಕೊಂಡು ತಿರುಗುತ್ತಿದ್ದವು, ಅಷ್ಟೇ. ಮಗಳ ಲಗ್ನಪತ್ರಿಕೆ ಮಾಡಿಸಲು ಹಲವಾಗಲು ಗ್ರಾಮದಿಂದ ಬಂದಿದ್ದ ಹಿರಿಯರೊಬ್ಬರು ಅರ್ಧ ತಾಸು ಅದನ್ನೇ ನೋಡಿ, "ಏನು ಬೀಸ್ತೈತ್ರಿ ಇದು?" ಎಂದು ಕೇಳಿದರು.

"ಏನೂ ಬೀಸಂಗಿಲ್ರಿ. ಎಷ್ಟು ಜೋರು ತಿರುಗ್ತೈತಿ ಅಂತ ಬರಕೊಳ್ಳಾದು," ಎಂದ ಮಾಮ.

ಹಿರಿಯರು ಮೆಲ್ಲಗೆ ಎದ್ದು, ಪತ್ರಿಕೆಯನ್ನು ಪಕ್ಕದ ಅಂಗಡಿಯಲ್ಲಿ ಮಾಡಿಸಿಕೊಂಡು ಹೋದರು.

ಇಂಥವನ ಹತ್ತಿರ ಅಪ್ಪ ನನ್ನನ್ನು ಲೆಕ್ಕ ಕಲಿಯಲು ಕಳಿಸಿದ್ದರು! ಮಾಮ ಬಿ.ಎಸ್ಸಿ. ಓದಿದವನು, ನಾನು ಎರಡನೇ ಪಿಯುಸಿ. ಅಪ್ಪನ ಷರತ್ತು ಸರಳವಾಗಿತ್ತು: ಪಾಸಾದರೆ ಡಿಗ್ರಿ, ಫೇಲಾದರೆ ಮದುವೆ. ಹರಪನಹಳ್ಳಿಯ ಗಂಡಿನ ಫೋಟೋ ಆಗಲೇ ಮನೆಯ ಕಪಾಟು ಸೇರಿತ್ತು. ಮಾಮ ಲೆಕ್ಕವನ್ನೇನೋ ಚೆನ್ನಾಗಿಯೇ ಹೇಳುತ್ತಿದ್ದ. ಆದರೆ ಪಾಠದ ನಡುನಡುವೆ ನನ್ನನ್ನು ಕಾರು ಓಡಿಸಲು ಕೂರಿಸುತ್ತಿದ್ದ. ಅದರಲ್ಲೂ ಎಂಥ ಕಟ್ಟುನಿಟ್ಟು! ಪ್ರತಿ ಸಲ ಅದೇ ರಸ್ತೆ, ಅದೇ ತಿರುವು. ಯಾರನ್ನೂ ಹಿಂದೆ ಹಾಕುವಂತಿಲ್ಲ. ಒಮ್ಮೆ ತಡೆಯಲಾರದೆ ಗೆದ್ದುಬಿಟ್ಟೆ. ಮಾಮನ ಮುಖ ಸಪ್ಪಗಾಯಿತು. ಓಡಿಸುವ ರೀತಿ ಬದಲಾದರೆ ಹೋಲಿಸುವುದು ಹೇಗೆ, ಇಡೀ ಮಧ್ಯಾಹ್ನ ಹಾಳಾಯಿತು ಎಂದು ಗೊಣಗಿದ. ರೇಸ್ ಗೆದ್ದು ಬೈಸಿಕೊಂಡವಳು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ಅವನ ಇನ್ನೊಂದು ನಿಯಮವೆಂದರೆ ಮೂರು ಸಲ ಓಡಿಸಬೇಕು, ಮೊದಲ ರೀಡಿಂಗನ್ನು ಹೊಡೆದುಹಾಕಬೇಕು. ಮೊದಲ ಸಲ ಕಂಪ್ಯೂಟರ್ ಎಲ್ಲವನ್ನೂ ಡಿಸ್ಕಿನಿಂದ ಹುಡುಕಿ ತರುತ್ತಾ ಏದುಸಿರು ಬಿಡುತ್ತಿರುತ್ತದೆ, ಆಗಿನ ಅಂಕಿ ಅದರ ನಿಜವಾದ ಶಕ್ತಿಯಲ್ಲ ಎನ್ನುತ್ತಿದ್ದ. ಈ ನಿಯಮ ಅಂಗಡಿಯಲ್ಲೇ ಉಳಿಯಿತೇ? ನಮ್ಮ ಮನೆಗೆ ಊಟಕ್ಕೆ ಬಂದರೆ, ಅವ್ವ ಬಡಿದ ಮೊದಲ ರೊಟ್ಟಿ ಹಂಚು ಸರಿಯಾಗಿ ಕಾಯುವ ಮುಂಚಿನದೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ತಿನ್ನುತ್ತಿದ್ದ, ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ ಅಷ್ಟೇ! ಮಂಡಕ್ಕಿಯ ಜೊತೆಗಿನ ಮಿರ್ಚಿಯದೂ ಅದೇ ಕಥೆ.

ಫಲಿತಾಂಶ ಬಂತು. ಲೆಕ್ಕದಲ್ಲಿ ಇಪ್ಪತ್ತೆಂಟು. ಅಪ್ಪ ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಕಪಾಟಿನಿಂದ ಫೋಟೋ ತೆಗೆದು ಅವ್ವನ ಕೈಗೆ ಕೊಟ್ಟರು. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತು ಅಳುತ್ತಿದ್ದೆ. ಸುದ್ದಿ ಕೇಳಿದ ಮಾಮ ನೋಟ್‌ಬುಕ್ಕನ್ನು ಕಂಕುಳಲ್ಲಿಟ್ಟುಕೊಂಡೇ ಬಂದ. ಅಪ್ಪನ ಎದುರು ಎಂದೂ ಕುರ್ಚಿಯ ಮೇಲೆ ಕೂರದವನು ಅಂದು ಕೂತ. ಓದುವ ಹುಡುಗಿಯನ್ನು ಕಾರು ಓಡಿಸಲು ಕೂರಿಸಿದೆ, ತಪ್ಪು ನನ್ನದೂ ಇದೆ ಎಂದು ಒಪ್ಪಿಕೊಂಡ. ಆಮೇಲೆ ನೋಟ್‌ಬುಕ್ ತೆರೆದು ಅಪ್ಪನಿಗೆ ತನ್ನ ನಿಯಮವನ್ನು ವಿವರಿಸತೊಡಗಿದ. ಒಂದೇ ರೀಡಿಂಗ್ ನೋಡಿ ಯಾವ ಮಷಿನ್ನಿನ ಬಗ್ಗೆಯೂ ತೀರ್ಮಾನ ಮಾಡಬಾರದಂತೆ.

"ಆಕಿ ಮಷಿನ್ ಅಲ್ಲಪ, ಮಗಳು ಅದಾಳ," ಎಂದರು ಅಪ್ಪ.

"ಅದ ಮತ್ತ, ಭಾವಾರ. ಮಷಿನ್ನಿಗೆ ಮೂರು ಸರ್ತಿ ಕೊಡ್ತೀವಿ. ಮಗಳಿಗೆ ಒಂದ ಏನ್ರಿ?"

ಅಪ್ಪ ಅವ್ವನ ಕಡೆ ಕೈ ಚಾಚಿದರು. ಫೋಟೋ ಕಪಾಟಿಗೆ ವಾಪಸ್ಸು ಹೋಯಿತು. ಮುಂದಿನ ಪರೀಕ್ಷೆಯವರೆಗೆ ಮಾಮನ ಅಂಗಡಿಯಲ್ಲಿ ಒಂದು ಕಾರೂ ಓಡಲಿಲ್ಲ, ಒಂದು ಚಕ್ರವೂ ತಿರುಗಲಿಲ್ಲ. ಆ ಮನುಷ್ಯನಿಗೆ ಅದೆಷ್ಟು ಕಷ್ಟವಾಗಿರಬೇಡ!

ಈ ಸಲ ಅರವತ್ತೊಂದು ಬಂತು. ಇಂದು ಹಗರಿಬೊಮ್ಮನಹಳ್ಳಿಯಲ್ಲಿ ನಾನು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದೇನೆಂದರೆ ಅದು ಮಾಮನ ಋಣ, ತೀರಿಸಲು ಆಗುವಂಥದ್ದಲ್ಲ. ಅಂದು ಮಾರ್ಕ್ಸ್ ಕಾರ್ಡ್ ತೋರಿಸಲು ಹೋದಾಗ ಅವನು ಅದೇ ನೋಟ್‌ಬುಕ್ ತೆರೆದು ಮುಂದಿಟ್ಟ. ಅವನು ಅಳೆದಿದ್ದ, ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡುಗಳ ಪಟ್ಟಿಯ ಕೊನೆಗೆ ನನ್ನ ಹೆಸರಿತ್ತು. ಮುಂದೆ ಇಪ್ಪತ್ತೆಂಟು, ಅದರ ಮೇಲೊಂದು ಗೀಟು, ಪಕ್ಕದಲ್ಲಿ ಎರಡು ಖಾಲಿ ಮನೆ. ಎರಡನೇ ರೀಡಿಂಗನ್ನು ನನ್ನ ಕೈಯಿಂದಲೇ ಬರೆಸಿದ.

"ಮೂರನೇದು ಬ್ಯಾಡೇನು ಮಾಮ?" ಎಂದೆ.

"ಅದು ಖಾಲಿ ಇರ್ಲಿ ಬಿಡವ್ವ," ಎಂದ. "ಮುಂದ ಯಾವಾಗರ ನಿನಗ ಬೇಕಾಗ್ತೈತಿ."