ಎರಡು ಬೆರಳಿನ ಸಡಿಲ

ಬಡೇಸಾಬರನ್ನು ಮೊದಲ ಸಲ ನೋಡಿದಾಗ ನಾನು ಅವರನ್ನು ಕಟ್‌ಪೀಸ್ ಲೆಕ್ಕಕ್ಕೆ ಹಾಕಿದ್ದೆ. ಉದ್ದ ಐದಡಿ ಎರಡಂಗುಲ. ಅಗಲ ಇನ್ನೂ ಕಡಿಮೆ. ಬಣ್ಣ ಒಗೆದೊಗೆದು ಮಾಸಿದ್ದು. ವಯಸ್ಸು ಅರವತ್ತೆಂಟು, ಅಂದರೆ ಹಳೇ ಸ್ಟಾಕು. ದಾವಣಗೆರೆಯ ಚೌಕಿಪೇಟೆಯಲ್ಲಿ ಮೂವತ್ತೆರಡು ವರ್ಷದಿಂದ ಜವಳಿ ಅಂಗಡಿ ನಡೆಸುತ್ತಿರುವ ಕೆಂಚವೀರಪ್ಪ ನಾನು. ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಅವರು ಏನು ಕೊಳ್ಳುತ್ತಾರೆ, ಎಷ್ಟು ಹೊತ್ತು ಚೌಕಾಸಿ ಮಾಡುತ್ತಾರೆ ಎಂದು ಹೇಳಬಲ್ಲೆ. ಈ ಮನುಷ್ಯ ಒಂದು ಲುಂಗಿ ಎತ್ತಿಕೊಂಡು ಹೋಗುತ್ತಾರೆ ಎಂದು ಅಂದಾಜು ಮಾಡಿದೆ.

ಅವರು ಎತ್ತಿಕೊಂಡದ್ದು ನನ್ನನ್ನು.

ಆದದ್ದಿಷ್ಟು. ಅವರ ಹೆಂಡತಿ ಸುಗ್ರಾಬಿ ಮೇಲಿನ ಹಲಗೆಯ ಹಸಿರು ಸೀರೆಯೇ ಬೇಕೆಂದರು. ಏಣಿ ಹತ್ತಿ ಇಡೀ ಕಟ್ಟನ್ನೇ ಹೆಗಲಿಗೆ ಹಾಕಿಕೊಂಡೆ. (ವ್ಯಾಪಾರದಲ್ಲಿ ಸ್ವಲ್ಪ ಠೀವಿ ತೋರಿಸಬೇಕಾಗುತ್ತದೆ.) ಅಂಗಡಿ ಒಂದು ಸುತ್ತು ತಿರುಗಿತು. ಮತ್ತೆ ಕಣ್ಣು ಬಿಟ್ಟಾಗ ನಾನು, ಎಂಬತ್ತೆಂಟು ಕಿಲೋ ತೂಕದ ಯಜಮಾನ, ಆ ಕಟ್‌ಪೀಸಿನ ಎಡತೋಳಿನ ಮೇಲೆ ಮಲಗಿದ್ದೆ. ಸೀರೆಯ ಕಟ್ಟು ಬಲತೋಳಿನಲ್ಲಿತ್ತು. ಎರಡನ್ನೂ ಅವರು ನಿಧಾನವಾಗಿ, ಮಡಿಕೆ ಮುರಿಯದಂತೆ ಗಾದಿಯ ಮೇಲೆ ಇಳಿಸಿದರು.

ಅಂದೇ ಪಿ.ಜೆ. ಬಡಾವಣೆಯ ನಮ್ಮ ಮನೆ ಹತ್ತಿರದ ಡಾಕ್ಟರ್ ವಾಣಿ ನನ್ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿದರು.

"ನೂರಾ ಎಂಬತ್ತು, ನೂರಾ ಹತ್ತು."

"ಡಾಕ್ಟ್ರೆ, ನೂರಾ ಅರವತ್ತು ಅಂತ ಬರ್ಕೊಳ್ರಿ. ನಾವೇನು ಹೊರಗಿನವರಾ?"

"ಸಾವ್ಕಾರ್ರೆ, ಇದು ಫಿಕ್ಸೆಡ್ ರೇಟು" ಎಂದು ಅವರು ಮಾತ್ರೆ ಬರೆದರು.

ಡಾಕ್ಟರ್ ಬರೆದದ್ದು ಮಾತ್ರೆ ಮಾತ್ರ. ತೀರ್ಪು ಬರೆದವಳು ನನ್ನ ಧರ್ಮಪತ್ನಿ ಕಸ್ತೂರಮ್ಮ. "ದೀಪಾವಳಿಗೆ ಇನ್ನ ಮೂರು ತಿಂಗಳೈತೆ. ಅಷ್ಟರಾಗೆ ನೂರಾ ನಲವತ್ತಕ್ಕೆ ಇಳೀಲಿಲ್ಲ ಅಂದ್ರೆ ಗಾದಿ ಮ್ಯಾಲೆ ನಾಗಭೂಷಣ ಕೂಡ್ತಾನೆ. ನೀವು ಮನ್ಯಾಗೆ ಕೂಡ್ರಿ."

ನಾಗಭೂಷಣ್ ಅವಳ ತಮ್ಮ. ಬಂಗಾರದಂಥ ಮನುಷ್ಯ. ಗಿರಾಕಿ ಬಾಯಿ ತೆರೆಯುವ ಮೊದಲೇ ಕೊನೆಯ ಬೆಲೆ ಹೇಳಿಬಿಡುತ್ತಾನೆ. ದೀಪಾವಳಿಯ ಹದಿನೈದು ದಿನ ಅವನು ನನ್ನ ಗಾದಿಯ ಮೇಲೆ ಕೂತದ್ದನ್ನು ಊಹಿಸಿಕೊಂಡೇ ನನ್ನ ಒತ್ತಡ ಇನ್ನೂ ಹತ್ತು ಏರಿರಬೇಕು. ನಮ್ಮಪ್ಪ ಕೂತ ಗಾದಿ ಅದು. ಹಬ್ಬದಲ್ಲಿ ಅದರಿಂದ ಇಳಿದವನನ್ನು ಪೇಟೆ ಮತ್ತೆ ಹತ್ತಿಸಿಕೊಳ್ಳುವುದಿಲ್ಲ.

ಮನೆಯಲ್ಲಿ ಉಪ್ಪಿಗೆ ಗಡಿಪಾರಾಯಿತು. ಮಿರ್ಚಿ ಮಂಡಕ್ಕಿ ಇತಿಹಾಸ ಸೇರಿತು. ಬೆಣ್ಣೆ ದೋಸೆಯ ಹೋಟೆಲಿನ ಮುಂದೆ ಆಟೋ ಹೋಗುವಾಗ ಕಸ್ತೂರಮ್ಮ ನನ್ನ ಕಣ್ಣಿಗೆ ಸೆರಗು ಅಡ್ಡ ಹಿಡಿಯುತ್ತಿದ್ದಳು.

ಆ ವಾರವೇ ಕೃತಜ್ಞತೆ ಹೇಳಲು ಬಡೇಸಾಬರ ಊರಾದ ಹರಿಹರಕ್ಕೆ ಹೋದೆ. ಬಡೇಸಾಬರು ಅಂಗಳದಲ್ಲಿ ಕೂತು, ತೋಳಿನ ಮೇಲ್ಭಾಗಕ್ಕೆ ಬಟ್ಟೆಯ ಪಟ್ಟಿ ಸುತ್ತಿಕೊಂಡು, ತಕ್ಕಡಿಯ ಒಂದು ಕಿಲೋ ಕಲ್ಲನ್ನು ಎತ್ತುತ್ತ ಇಳಿಸುತ್ತ ಇದ್ದರು.

"ಇದೇನ್ರಿ ಸಾಬ್ರೆ, ಗಾಯ ಆಗೈತೇನು?"

"ಇಲ್ಲ ಸಾವ್ಕಾರ್ರೆ. ಕಸರತ್ತು."

ವಿಷಯ ಹೀಗಿತ್ತು. ಹರೆಯದಲ್ಲಿ ಅವರು ಗರಡಿಯ ಉಸ್ತಾದರು. ಆಮೇಲೆ ಒಂದು ಕಾರ್ಖಾನೆಯ ಗೆಸ್ಟ್ ಹೌಸಿನಲ್ಲಿ ಅಡುಗೆಗೆ ನಿಂತರು. ಅಲ್ಲಿಗೆ ಯಂತ್ರ ಕೂಡಿಸಲು ಜಪಾನಿನ ಇಂಜಿನಿಯರ್ ಒಬ್ಬ ಬಂದು ಆರು ತಿಂಗಳು ಇದ್ದ. ದಿನಾ ಸಂಜೆ ತೋಳಿಗೆ ಪಟ್ಟಿ ಕಟ್ಟಿಕೊಂಡು, ಮಕ್ಕಳಾಟದಷ್ಟು ಹಗುರ ತೂಕ ಎತ್ತುತ್ತಿದ್ದ. ರಕ್ತದ ಓಟವನ್ನು ಒಂಚೂರು ತಡೆದರೆ ಹಗುರ ತೂಕವೂ ಸ್ನಾಯುವಿಗೆ ಭಾರದಂತೆ ಕೆಲಸ ಮಾಡುತ್ತದಂತೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಸೊಂಟ ನೋವು ಬಂದು ಭಾರ ಎತ್ತುವುದನ್ನು ಬಿಟ್ಟಿದ್ದ ಉಸ್ತಾದರು ಎಲ್ಲವನ್ನೂ ನೋಡಿಯೇ ಕಲಿತರು. ಜಪಾನಿನವನು ಬಾಯಿಬಿಟ್ಟು ಕಲಿಸಿದ ಪಾಠ ಒಂದೇ. ಪಟ್ಟಿಯ ಅಡಿಗೆ ತನ್ನ ಎರಡು ಬೆರಳು ತೂರಿಸಿ, "ಹೂಂ?" ಎನ್ನುತ್ತಿದ್ದ. ಎರಡು ಬೆರಳು ಸರಾಗವಾಗಿ ಹೋಗಬೇಕು. ಹೋಗದಿದ್ದರೆ ಪಟ್ಟಿ ಬಿಚ್ಚಬೇಕು.

"ನನಗೂ ಕಲಿಸ್ರಿ" ಎಂದೆ.

"ಬಿ.ಪಿ. ಇದ್ದೋರಿಗೆ ಡಾಕ್ಟರಮ್ಮನ ಚೀಟಿ ಇಲ್ದೆ ನಾನು ಪಟ್ಟಿ ಮುಟ್ಟಂಗಿಲ್ಲ."

ಇಲ್ಲಿ ನಾನು ಅವರ ದರ ಏರಿಸಿದೆ. ಸಿಕ್ಕ ಗಿರಾಕಿಯನ್ನು ಚೀಟಿ ತರಲು ವಾಪಸು ಕಳಿಸುವ ವ್ಯಾಪಾರಿಯನ್ನು ನಾನು ಚೌಕಿಪೇಟೆಯಲ್ಲಿ ನೋಡಿಲ್ಲ, ನನ್ನ ಕನ್ನಡಿಯಲ್ಲಂತೂ ಇಲ್ಲವೇ ಇಲ್ಲ.

ಡಾಕ್ಟರ್ ವಾಣಿ ಮೊದಲು ನಕ್ಕರು, ಆಮೇಲೆ ಹುಬ್ಬು ಗಂಟಿಕ್ಕಿದರು. ಒಂದು ತಿಂಗಳು ಮಾತ್ರೆಯಲ್ಲೇ ಒತ್ತಡ ಇಳಿಸಿದರು. ನಂತರ ಒಂದು ಭಾನುವಾರ ಯಂತ್ರ ಹಿಡಿದು ಹರಿಹರಕ್ಕೇ ಬಂದು, ಎತ್ತುವ ಮೊದಲು, ಎತ್ತುವಾಗ, ಎತ್ತಿದ ಮೇಲೆ ಅಳೆದರು. "ಮಾತ್ರೆ ಬಿಡಂಗಿಲ್ಲ. ಉಸಿರು ಬಿಗಿ ಹಿಡಿಯಂಗಿಲ್ಲ. ಇವರ ಕಣ್ಣೆದುರಿಗೆ ಮಾತ್ರ. ಮನೇಲಿ ಒಬ್ರೇ ಕಟ್ಕೊಂಡ್ರೆ ನನ್ ಹತ್ರ ಬರ್ಬೇಡಿ" ಎಂದರು.

ಪಟ್ಟಿಗೆಂದು ಬಡೇಸಾಬರು ಒಂದು ಮೀಟರ್ ಬಿಳುಪು ಮಾಡದ ಕೋರಾ ಬಟ್ಟೆ ಕೇಳಿದರು. ನಾನೇ ಸ್ವತಃ ಅಳೆದು, ಕತ್ತರಿಸಿ, ಮಡಿಸಿ ಸಂಪೂರ್ಣ ಉಚಿತವಾಗಿ ಒಯ್ದುಕೊಟ್ಟೆ. (ಈ ಔದಾರ್ಯವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.)

ಪಾಠ ಶುರುವಾಯಿತು. ಒಂದು ಕಿಲೋ ಕಲ್ಲು. ಮೂವತ್ತು ಸಲ ಎತ್ತಬೇಕು. ಸ್ವಲ್ಪ ಸುಧಾರಿಸಿಕೊಂಡು ಹದಿನೈದು, ಮತ್ತೆ ಹದಿನೈದು, ಮತ್ತೆ ಹದಿನೈದು. ಒಟ್ಟು ಎಪ್ಪತ್ತೈದು. ಬಟ್ಟೆಯ ಬೇಲು ಹೊತ್ತವನಿಗೆ ಒಂದು ಕಿಲೋ ಕೊಡುವುದು ಅವಮಾನ ಅನ್ನಿಸಿತು.

"ಸಾಬ್ರೆ, ಐದು ಕಿಲೋ ಕಲ್ಲು ಕೊಡ್ರಿ. ಹದಿನೈದು ಸಲಕ್ಕೆ ಮುಗಿಸಿಬಿಡೋಣ. ಹದಿನೈದೈದ್ಲ ಎಪ್ಪತ್ತೈದು. ಲೆಕ್ಕ ಸರಿಹೋಗ್ತೈತೆ."

"ಲೆಕ್ಕ ಸರಿಹೋಗ್ತೈತೆ ಸಾವ್ಕಾರ್ರೆ, ನೀವೂ ಹೋಗ್ತೀರಿ. ಒಂದು ಕಿಲೋನೇ ಎತ್ರಿ."

ಹತ್ತಕ್ಕೆ ನಕ್ಕೆ. ಇಪ್ಪತ್ತಕ್ಕೆ ನಗು ನಿಂತಿತು. ಇಪ್ಪತ್ತೆಂಟಕ್ಕೆ ಆ ಕಲ್ಲು ಅಕ್ಕಿ ಮೂಟೆಯಾಗಿ, ತೋಳಿನೊಳಗೆ ಯಾರೋ ಒಲೆ ಹಚ್ಚಿದಂತಾಯಿತು. ಎದುರಿಗೆ ಬಡೇಸಾಬರು ನನ್ನ ಜೊತೆಗೇ ಎತ್ತುತ್ತ, ಮಧ್ಯೆ ಮಧ್ಯೆ ಎರಡು ಬೆರಳನ್ನು ನನ್ನ ಪಟ್ಟಿಯಡಿ ತೂರಿಸಿ "ಹೂಂ?" ಎನ್ನುತ್ತಿದ್ದರು.

ವಾರಕ್ಕೆ ಮೂರು ದಿನ ಹರಿಹರದ ಬಸ್ಸು. ನೂರಾ ಐವತ್ತೆಂಟು, ನೂರಾ ಐವತ್ತು, ನೂರಾ ನಲವತ್ತಾರು. ಮಾತ್ರೆಯಿಂದ ಎಂದು ಡಾಕ್ಟರು, ಉಪ್ಪು ಬಿಟ್ಟದ್ದರಿಂದ ಎಂದು ಕಸ್ತೂರಮ್ಮ, ಕಸರತ್ತಿನಿಂದ ಎಂದು ನಾನು ವಾದಿಸುತ್ತಿದ್ದೆವು. ಬಡೇಸಾಬರು ಮಾತ್ರ ಯಾವುದಕ್ಕೂ ಹಕ್ಕು ಸಾಧಿಸಲಿಲ್ಲ. "ಇಳೀತಲ್ಲ, ಸಾಕು" ಎಂದರು.

ಹಬ್ಬಕ್ಕೆ ಎರಡು ವಾರ ಇತ್ತು. ಇನ್ನು ಆರೇ ಆರು ಅಂಕ ಇಳಿಯಬೇಕು. ಅದೇ ಹೊತ್ತಿಗೆ ಬಡೇಸಾಬರು ನೆಂಟರ ಮದುವೆಗೆಂದು ಸಾರಥಿ ಎಂಬ ಹಳ್ಳಿಗೆ ಹೋದರು. ಭಾನುವಾರ ಹನ್ನೊಂದಕ್ಕೆ ಡಾಕ್ಟರ ತಪಾಸಣೆ. ನನಗೊಂದು ದಿವ್ಯ ಆಲೋಚನೆ ಹೊಳೆಯಿತು. ಬೆಳಿಗ್ಗೆಯೇ ಮನೆಯಲ್ಲಿ ಎಪ್ಪತ್ತೈದು ಮುಗಿಸಿಬಿಟ್ಟರೆ, ಬಾಕಿ ಆರು ತಾನಾಗಿ ಉದುರಬಹುದಲ್ಲ!

ಕೋಣೆಯ ಬಾಗಿಲು ಹಾಕಿ, ಅಂಗಡಿಯ ಕೋರಾ ಬಟ್ಟೆ ಎಡತೋಳಿಗೆ ಸುತ್ತಿ, ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಕಟ್ಟಿದೆ. ಹನ್ನೊಂದು ಎಣಿಸುವಷ್ಟರಲ್ಲಿ ಕೈ ಬದನೆಕಾಯಿ ಬಣ್ಣಕ್ಕೆ ತಿರುಗಿತು. (ಆ ಬಣ್ಣದ ಸೀರೆಗೆ ನಮ್ಮಲ್ಲಿ ಒಳ್ಳೆಯ ಬೇಡಿಕೆ ಇದೆ.) ಬಿಚ್ಚಲು ಹೋದರೆ ಬರಲಿಲ್ಲ. ಕೈ ತನ್ನ ಅಭ್ಯಾಸಬಲದಿಂದ ಬಟ್ಟೆಯ ಬೇಲುಗಳಿಗೆ ಹಾಕುವ ಗಂಟನ್ನೇ ಹಾಕಿತ್ತು. ಎಳೆದಷ್ಟೂ ಬಿಗಿಯುವ ಗಂಟು ಅದು.

"ಕಸ್ತೂರೀ!"

ಅವಳು ಬಂದಳು, ನೋಡಿದಳು. ಕತ್ತರಿ ಅಂಗಡಿಯಲ್ಲಿತ್ತು. ಎಲೆಯಡಿಕೆ ತಟ್ಟೆಯಿಂದ ಅಡಕತ್ತರಿ ತಂದು, ಒಂದೇ ಏಟಿಗೆ ಪಟ್ಟಿ ಕತ್ತರಿಸಿದಳು. ಕೈಗೆ ರಕ್ತ ವಾಪಸು ಬಂದಾಗ ಸಾವಿರ ಇರುವೆ ಮೆರವಣಿಗೆ ಹೊರಟವು.

"ನಿಮಗೆ ಬುದ್ಧಿ ಐತೇನ್ರಿ?"

"ಇತ್ತು. ಈಗ ಎಡಗೈ ಐತೆ, ಅಷ್ಟು ಸಾಕು."

ಡಾಕ್ಟರ ಯಂತ್ರದಲ್ಲಿ ನೂರಾ ಎಪ್ಪತ್ತೆರಡು. ಬೈಗುಳ ಬೇರೆ. ಒಂದು ವಾರ ಕಲ್ಲೂ ಇಲ್ಲ, ಪಟ್ಟಿಯೂ ಇಲ್ಲ. ನಾಗಭೂಷಣ್ ಗಾದಿಗೆ ಹೊಸ ಕವರು ಹೊಲಿಸಲು ಅಳತೆ ತೆಗೆದುಕೊಂಡ.

ಮರುದಿನ ಸುದ್ದಿ ತಿಳಿದು ಬಡೇಸಾಬರೂ ಸುಗ್ರಾಬಿಯೂ ಮನೆಗೇ ಬಂದರು. ಬೈಯುತ್ತಾರೆ ಎಂದುಕೊಂಡೆ. ಅವರು ಒಂದು ದಿಂಬು ಮುಂದಿಟ್ಟು, "ಇದಕ್ಕೆ ಕಟ್ಟಿ ತೋರಿಸ್ರಿ" ಎಂದರು. ಕಟ್ಟಿದೆ. ದಿಂಬಿನ ನಡು ಸಣ್ಣಗಾಯಿತು. ಬಡೇಸಾಬರು ನನ್ನ ಕೈಯನ್ನೇ ನೋಡುತ್ತಿದ್ದರು.

"ಸಾವ್ಕಾರ್ರೆ, ನಿಮ್ ಕೈ ತಾನಾಗೇ ಎಳೀತೈತೆ. ನಿಮಗೇ ಗೊತ್ತಾಗವಲ್ದು. ಹೆಂಗೆ ಬಟ್ಟೆ ಅಳೀತೀರಿ? ಒಂದ್ ಮೀಟರ್ ಅಳೀರಿ, ನೋಡಾನ."

ಅಂಗಡಿಯಿಂದ ಮೀಟರ್ ಕಡ್ಡಿ ತರಿಸಿ, ಬಟ್ಟೆ ಹಿಡಿದು, ಅಳೆದೆ. ಮೂವತ್ತೆರಡು ವರ್ಷದ ಕೈ. ಎಳೆತದಲ್ಲಿ ಒಂದು ಬೆರಳು ಉಳಿತಾಯ, ತುದಿ ಹಿಡಿದ ಹೆಬ್ಬೆರಳಿನ ಮರೆಯಲ್ಲಿ ಇನ್ನೊಂದು. ಬಡೇಸಾಬರು ಅದೇ ತುಂಡನ್ನು ನೆಲದ ಮೇಲೆ ಸಡಿಲವಾಗಿ ಹಾಸಿ, ಪಕ್ಕಕ್ಕೆ ಕಡ್ಡಿ ಇಟ್ಟರು. ಎರಡು ಬೆರಳು ಕಮ್ಮಿ.

ನಾನು ಕಡ್ಡಿಯನ್ನು ಬೆನ್ನ ಹಿಂದಕ್ಕೆ ಸರಿಸಿದೆ.

"ನೀವು ಕೊಟ್ಟ ಕೋರಾನೂ ಹಿಂಗೇ ಇತ್ತು" ಎಂದರು ಬಡೇಸಾಬರು ಮೆಲ್ಲಗೆ. "ಒಗೆದಾಗ ಮುದುಡೈತೆ ಅಂತ ತಿಳ್ಕಂಡಿದ್ದೆ."

"ಒಗೆದೇ ಇರಲಿಲ್ಲಲ್ರೀ" ಎಂದರು ಸುಗ್ರಾಬಿ.

ಕಸ್ತೂರಮ್ಮ ಎದ್ದು ನಿಂತಳು. "ಅಂದ್ರೆ ನನ್ ಕುಪ್ಪಸದ ಬಟ್ಟೀನೂ ಹಿಂಗೇ ಅಳೆದು ತಂದೀರಿ! ತೋಳಿಗೆ ಸಾಲಲ್ಲ ಅಂತ ಟೇಲರ್ ದಿಲ್ಷಾದ್ ಬೇಗಂ ಹೇಳಿದಾಗೆಲ್ಲ, ನೀನೇ ಕದೀತಿ ಅಂತ ಇಪ್ಪತ್ತಾರು ವರ್ಷ ಜಗಳಾಡೀನಲ್ರಿ!"

"ಕಸ್ತೂರಿ, ಅದು ಕೈ ಚಟ..."

"ಆ ಚಟಾನೇ ನಿಮ್ ಕೈ ಹಿಡ್ಕಂಡಿದ್ದು."

ಬಡೇಸಾಬರು ನಡುವೆ ಬಂದರು. "ತಾಯಿ, ಬೈಬ್ಯಾಡ್ರಿ. ಬಗ್ಗಿಸಿದ ಗಿಡದ ಕೊಂಬೆನೂ ಒಂದಿನಕ್ಕೆ ನೆಟ್ಟಗಾಗಲ್ಲ. ಸಾವ್ಕಾರ್ರೆ, ಈ ವಾರದ ಕಸರತ್ತು ಇದೇ. ದಿನಾ ಮುಂಜಾನೆ ಹತ್ತು ಮೀಟರ್ ಬಟ್ಟೆ ಅಳೀರಿ. ಎಳೀಬ್ಯಾಡ್ರಿ. ಕೈ ಸಡಿಲ ಬಿಡಾದು ಕಲೀರಿ. ಪಟ್ಟಿ ಆಮ್ಯಾಲೆ."

ಒಂದು ಕಿಲೋ ಕಲ್ಲಿಗಿಂತ ಕಷ್ಟದ ಕಸರತ್ತು ಅದು. ಮೂರನೇ ದಿನದವರೆಗೂ ಕೈ ಒಳಗೊಳಗೇ ಎಳೆಯುತ್ತಿತ್ತು, ಕಸ್ತೂರಮ್ಮ ಅಡಕತ್ತರಿ ಹಿಡಿದು ಎದುರಿಗೆ ಕೂತಿರುತ್ತಿದ್ದಳು. ಬಡೇಸಾಬರು ದಿನಾ ಹರಿಹರದಿಂದ ಬಂದು, ನನ್ನ ಅಳತೆ ನೋಡಿ, ಉಪ್ಪಿಲ್ಲದ ಉಪ್ಪಿಟ್ಟು ನನ್ನ ಜೊತೆಗೇ ತಿಂದು ಹೋಗುತ್ತಿದ್ದರು. ಅವರಿಗೆ ಬಿ.ಪಿ. ಇಲ್ಲ. ಉಪ್ಪು ಹಾಕಿಕೊಳ್ಳಿ ಎಂದರೂ ಹಾಕಿಕೊಳ್ಳಲಿಲ್ಲ. ಆ ದರದ ಮಾಲು ನನ್ನ ಅಂಗಡಿಗೆ ಯಾವತ್ತೂ ಬಂದಿಲ್ಲ.

ಎರಡನೇ ವಾರ ಡಾಕ್ಟರು ಮತ್ತೆ ಪಟ್ಟಿಗೆ ಒಪ್ಪಿದರು. ನರಕ ಚತುರ್ದಶಿಯ ಹಿಂದಿನ ದಿನ ಯಂತ್ರ ಹೇಳಿದ್ದು ನೂರಾ ಮೂವತ್ತೆಂಟು. ನಾನು ಚೌಕಾಸಿ ಮಾಡಲಿಲ್ಲ.

ಗಾದಿ ಉಳಿಯಿತು. ಹೊಸ ಕವರಿನ ಮೇಲೆ ಗೆದ್ದ ಸೇನಾಪತಿಯಂತೆ ಕೂತು ಮೀಟರ್ ಕಡ್ಡಿಗೆ ಕೈ ಚಾಚಿದೆ. ಕಡ್ಡಿ ಇರಲಿಲ್ಲ. ಅದು ಕಸ್ತೂರಮ್ಮನ ಕೈಯಲ್ಲಿತ್ತು.

"ಗಾದಿ ನಿಮಗೆ, ಕಡ್ಡಿ ನನಗೆ" ಎಂದಳು. ಹಬ್ಬದ ಹದಿನೈದು ದಿನವೂ ಅವಳೇ ಅಳೆದಳು. ಪ್ರತಿ ಮೀಟರಿಗೆ ಎರಡು ಬೆರಳು ಜಾಸ್ತಿಯೇ ಬಿಟ್ಟು ಕತ್ತರಿಸುತ್ತಿದ್ದಳು. ಮೊದಲ ಗಿರಾಕಿ ದಿಲ್ಷಾದ್ ಬೇಗಂ. ಆ ಕತ್ತರಿಯ ಸದ್ದು ಕೇಳುತ್ತ ನನ್ನ ಒತ್ತಡ ಇನ್ನೂರು ದಾಟಿರಬೇಕೆಂದು ಡಾಕ್ಟರನ್ನು ಅಂಗಡಿಗೇ ಕರೆಸಿದೆ. ನೂರಾ ಮೂವತ್ತನಾಲ್ಕು ಎಂದರು. ಯಂತ್ರ ಕೆಟ್ಟಿದೆ ಎಂದೆ. ಅವರು ತಮ್ಮ ತೋಳಿಗೂ ಹಾಕಿಕೊಂಡು ತೋರಿಸಿದರು. ಕೆಟ್ಟಿರಲಿಲ್ಲ.

ಸುಗ್ರಾಬಿಯವರು ಆ ಹಸಿರು ಸೀರೆ ಒಯ್ದರು. ಈ ಸಲ ಏಣಿ ಹತ್ತಿದ್ದು ಬಡೇಸಾಬರೇ. ಕಟ್ಟನ್ನು ಹೆಗಲ ಮೇಲಿಟ್ಟುಕೊಂಡು ಇಳಿದು ಬಂದು, ನನ್ನ ಕಡೆ ನೋಡಿ ಎರಡು ಬೆರಳೆತ್ತಿ "ಹೂಂ?" ಎಂದರು.

ಹೂಂ. ಬಡೇಸಾಬರಿಗೆ ನಾನು ಕೊಡಬೇಕಾದದ್ದು ಇಷ್ಟು: ಎರಡು ಬೆರಳು ಕೋರಾ ಬಟ್ಟೆ, ಮತ್ತು ಬೀಳುತ್ತಿದ್ದ ನನ್ನನ್ನು ಹಿಡಿದ ಆ ಎಡಗೈಯ ಋಣ.