ನಮ್ಮನೆ ಕ್ಯಾಪ್ಟನ್ನರ ಗಂಟೆ

ನಂಜನಗೂಡಿನಲ್ಲಿ ಒಬ್ಬರು ಹಡಗಿನ ಕ್ಯಾಪ್ಟನ್ ಇದ್ದಾರೆ ಅಂದರೆ ನಂಬ್ತೀರಾ? ನಂಬಲೇಬೇಕು, ನಾನೇ ಕಟ್ಕೊಂಡಿದ್ದೀನಿ! ಆದರೆ ಸಮುದ್ರವನ್ನೇ ಕಂಡವರಲ್ಲ. ನರಸೀಪುರದ ಸಂಗಮದಲ್ಲಿ ತೆಪ್ಪ ಹತ್ತಿಸಿದಾಗ ನನ್ನ ಸೆರಗು ಹಿಡಿದು ಕಣ್ಮುಚ್ಚಿ ಕೂತಿದ್ದ ಗಂಡಸು!

ಪಂಪ್‌ಸೆಟ್ಟಿಗೆ ಬೇರಿಂಗ್ ತರ್ತೀನಿ ಅಂತ ಮೈಸೂರಿನ ಗುಜರಿ ಅಂಗಡಿಗೆ ಹೋದವರು ಹಡಗಿನ ಹಳೇ ಗಡಿಯಾರ ಹೊತ್ಕೊಂಡು ಬಂದರು. ಮೈಯೆಲ್ಲ ಹಸಿರು ಕಿಲುಬು. ಒಳಗಿನ ಚಕ್ರ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದರು, ನನ್ನ ಹುಣಸೆಹಣ್ಣು ಖಾಲಿ ಮಾಡಿ ಬೇಸಿಗೆ ಪೂರ್ತಿ ಉಜ್ಜಿದರು. ಮದುವೆಯಾದ ಹೊಸದರಲ್ಲೂ ನನ್ನ ಮುಖ ಅಷ್ಟು ಹೊತ್ತು ನೋಡಿದವರಲ್ಲ! ಕೊನೆಗೆ ಅದು ಓಡಿತು. ಓಡಿ, ಮಧ್ಯಾಹ್ನ ಹನ್ನೆರಡಕ್ಕೆ ಎಂಟು ಹೊಡೀತು!

"ಕೆಟ್ಟೋಗಿದೆ ಕಣ್ರೀ."

"ನಿನ್ ತಲೆ! ಹಡಗಿನೋರಿಗೆ ನಾಕು ಗಂಟೆಗೊಂದು ಪಾಳಿ. ಅರ್ಧರ್ಧ ಗಂಟೆಗೂ ಒಂದೊಂದು ಏಟು ಜಾಸ್ತಿ. ಎಂಟಾದ್ರೆ ಪಾಳಿ ಮುಗೀತು, ಮತ್ತೆ ಒಂದರಿಂದ."

ಪಕ್ಕದ ಮನೆಯವಳು ಏಟು ಎಣಿಸಿ ಹುಲ್ಲಹಳ್ಳಿ ಬಸ್ಸು ತಪ್ಪಿಸಿಕೊಂಡಳು.

"ಮೂರೇ ಹೊಡೀತಲ್ಲಣ್ಣಾ!"

"ಮೂರು ಅಂದ್ರೆ ಐದೂವರೆ ಕಣವ್ವಾ, ಅಷ್ಟೂ ತಿಳೀದಾ?"

ಆ ಗಡಿಯಾರ ಯಾರೂ ಮುಟ್ಟೋ ಹಾಗಿಲ್ಲ. ಮೊಮ್ಮಗಳಿಗೆ ಮಾತ್ರ ರಿಯಾಯಿತಿ. ತಾತನ ತೊಡೆ ಮೇಲೆ ಕೂತು ಏಟೇಟಿಗೂ ತಲೆ ಆಡಿಸೋಳು. ಆದರೆ ಮೂರು ವರ್ಷ ತುಂಬಿದರೂ ಮಗು ಒಂದು ಮಾತೂ ಆಡಿರಲಿಲ್ಲ. ಕಿವಿ ಚೆನ್ನಾಗಿದೆ, ಕಾಯಿರಿ ಅಂದರು ಡಾಕ್ಟರು. ಕಾಯೋದು ಅಷ್ಟು ಸುಲಭವಾ? ಸೊಸೆ ಒಲೆ ಮುಂದೆ ಕೂತು ಕಣ್ಣೊರೆಸ್ಕೊಳ್ಳೋಳು. ದೇವರ ಗಂಟೇಲಿ ನೀರು ಕುಡಿಸಿದರೆ ಮಾತು ಬರುತ್ತೆ ಅಂತಾರೆ. ನಾನು ದಿನಾ ಕುಡಿಸ್ತಿದ್ದೆ. ಕ್ಯಾಪ್ಟನ್ನರಿಗೆ ನಗು!

"ಗಂಟೆಯಿಂದ ಮಾತು ಬರೋದಾಗಿದ್ರೆ ಗುಡಿ ಪಾರಿವಾಳಗಳೆಲ್ಲ ಭಾಷಣ ಮಾಡ್ಬೇಕಿತ್ತು ಕಣೇ!"

ಮೊನ್ನೆ ಸೋಮವಾರ ಹನ್ನೆರಡಾಯ್ತು. ಗಡಿಯಾರದೊಳಗೆ ಬರೀ ಟಕ್ ಟಕ್, ನಾದವೇ ಇಲ್ಲ! ಮಗು ಗಡಿಯಾರ ನೋಡಿತು. ತಾತನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಿತು.

"ತಾತಾ, ಟಣ್ ಎಲ್ಲಿ?"

ಅಯ್ಯೋ ನನ್ನಪ್ಪಾ ನಂಜುಂಡಾ! ಸೊಸೆ ಮುದ್ದೆ ಕೋಲು ಹಿಡಿದೇ ಓಡಿಬಂದಳು. ನಾನು ನಕ್ಕೆನೋ ಅತ್ತೆನೋ ನನಗೇ ಗೊತ್ತಿಲ್ಲ.

ಅದಿರಲಿ, ನಿಜಕ್ಕೂ ಟಣ್ ಎಲ್ಲಿ? ಅಡುಗೆಮನೆಯಲ್ಲಿ, ಮಗುವಿನ ಹಾಲಿನ ಲೋಟದ ಪಕ್ಕ ಸಿಕ್ಕಿತು. ಗಡಿಯಾರದಿಂದ ಬಿಚ್ಚಿ ತಂದ ಗಂಟೆ, ತೊಳೆದು ಬೋರಲು ಹಾಕಿದ್ದು, ಇನ್ನೂ ಒದ್ದೆ. ನೀರು ಸೋರದಿರಲಿ ಅಂತ ನಡುವಿನ ತೂತಿಗೆ ಮೇಣ ಮೆತ್ತಿತ್ತು.

ಕ್ಯಾಪ್ಟನ್ನರು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು.

"ನಿನ್ ಗಂಟೆ ಚಿಕ್ಕದು ಕಣೇ... ಇದು ಸಮುದ್ರ ದಾಟಿ ಬಂದಿರೋದು. ಅದಕ್ಕೇ, ಈಗ್ತಾನೆ ಇದರಲ್ಲಿ ಒಂದ್ಸಲ..."

ಮುಂದಕ್ಕೆ ಅವರಿಗೆ ಮಾತೇ ಬರಲಿಲ್ಲ.

ಅದೇ ಗಂಟೇಲಿ ನೀರು ತುಂಬಿ ಅವರ ಕೈಗೂ ಕೊಟ್ಟೆ.